ಕಮಾನಿನ ಮೇಲಿನ ಹೆಸರು, ಕಲ್ಲಿನ ಮೇಲಿನ ಚೀಟಿ



ಬನಶಂಕರಿಯ ಜಾತ್ರೆ ಮುಗಿದು, ನಾಟಕ ಕಂಪನಿಗಳು ತಮ್ಮ ಡೇರೆ ಕಿತ್ತುಕೊಂಡು ಹೊರಟುಹೋದ ಮೇಲೆ ನಮ್ಮ ಚೊಳಚಗುಡ್ಡಕ್ಕೆ ಮತ್ತೆ ತನ್ನ ಎಂದಿನ ಶಾಂತಿ ಮರಳುತ್ತದೆ. ಅಂಥದೊಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಮನೆಗೆ ಬಂದಿದ್ದರು. ಚಹಾ ಕುಡಿದಾದ ಮೇಲೆ ಒಬ್ಬನು ಮೆಲ್ಲಗೆ ವಿಷಯಕ್ಕೆ ಬಂದನು.

"ಸರ್, ನಮ್ಮ ಬ್ಯಾಚಿನವರೆಲ್ಲ ಸೇರಿ ಸಾಲಿಗೆ ಏನಾರ ಮಾಡಬೇಕಂತ ರೊಕ್ಕ ಕೂಡಿಸೇವ್ರಿ. ಗೇಟಿನ ಮುಂದ ಒಂದು ಸ್ವಾಗತ ಕಮಾನು ಕಟ್ಟಿಸಿ, ಕೊಟ್ಟವರ ಹೆಸರು ಕೆತ್ತಸೋಣು ಅಂತ ವಿಚಾರ ಐತ್ರಿ. ನೀವೇನಂತೀರಿ?"

ನಾನು ಕೂಡಲೇ ಉತ್ತರಿಸಲಿಲ್ಲ. ನನ್ನ ಮೇಜಿನ ಮೇಲೆ ಹಾಳೆಗಳು ಹಾರದಂತೆ ಇಟ್ಟಿದ್ದ ಬೂದುಬಣ್ಣದ ಕಲ್ಲೊಂದರ ಕಡೆಗೆ ನನ್ನ ಕಣ್ಣು ಹೋಯಿತು. ಆ ಕಲ್ಲಿನ ಕಥೆಯನ್ನು ಅವರಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ. ಅದು ನನ್ನ ತಪ್ಪಿನ ಕಥೆ.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನಾನಾಗ ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಲೋಕಾಪುರದ ಕಡೆಯಿಂದ ಬಂದು ಸಂಬಂಧಿಕರ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಒಬ್ಬ ಹುಡುಗನಿದ್ದ. ಅವನ ತಂದೆ ಸುಣ್ಣದ ಕಲ್ಲಿನ ಕ್ವಾರಿಯಲ್ಲಿ ಕೂಲಿಗೆ ಹೋಗುತ್ತಿದ್ದರು. ದೀಪಾವಳಿ ರಜೆ ಮುಗಿಸಿ ಬಂದವನು ಚೀಲದಿಂದ ಈ ಕಲ್ಲನ್ನು ತೆಗೆದು ನನ್ನ ಮುಂದಿಟ್ಟ. "ಸರ್, ಇದನ್ನ ನೋಡ್ರಿ, ಉಳ್ಳಾಗಡ್ಡಿ ಕೊಯ್ದಂಗ ಕಾಣತೈತ್ರಿ" ಎಂದ. ನಿಜಕ್ಕೂ ಹಾಗೆಯೇ ಇತ್ತು. ಒಡೆದ ಮುಖದ ಮೇಲೆ ಒಂದರೊಳಗೊಂದು ಬಾಗಿದ ತೆಳ್ಳನೆಯ ಪದರಗಳು. ನಾನು ಅವನ ಬೆನ್ನು ತಟ್ಟಿ, ಕಲ್ಲನ್ನು ವಿಜ್ಞಾನ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟೆ. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾರಿಗೆ, ಯಾವ ದಿನ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಲಿಲ್ಲ. ಆ ಹುಡುಗ ಹತ್ತನೆಯ ತರಗತಿಯ ನಂತರ ನಮ್ಮ ಊರು ಬಿಟ್ಟ.

ಅನೇಕ ವರ್ಷಗಳ ತರುವಾಯ ಭೂವಿಜ್ಞಾನ ಓದಿದ ತರುಣರೊಬ್ಬರು ಶಾಲೆಗೆ ಬಂದಿದ್ದಾಗ ಕಪಾಟಿನ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ. ಇದು ಸ್ಟ್ರೊಮ್ಯಾಟೊಲೈಟ್, ಅಂದರೆ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಪಳೆಯುಳಿಕೆ ಎಂದು ಅವರು ವಿವರಿಸಿದರು. ಬಳಿಕ ಕೇಳಿದರು: "ಯಾವ ಕ್ವಾರಿ ಸರ್? ಯಾವ ಪದರು?" ನಾನು ಲೋಕಾಪುರದ ಕಡೆ ಎಂದೆ. ಅವರು ಬರೆದುಕೊಳ್ಳಲು ತೆರೆದಿದ್ದ ಪುಸ್ತಕವನ್ನು ಮುಚ್ಚಿದರು. ಅವರು ಏನನ್ನೂ ಅನ್ನಲಿಲ್ಲ, ಆದರೆ ಆ ಪುಸ್ತಕ ಮುಚ್ಚಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಿವೃತ್ತನಾದ ಮೇಲೆ ಶಾಲೆಗೆ ಹೋದಾಗ ಕಪಾಟು ಇದ್ದ ಜಾಗದಲ್ಲಿ ಕಂಪ್ಯೂಟರುಗಳಿದ್ದವು, ಕಲ್ಲು ಬಾಗಿಲಿಗೆ ಆನಿಸಲು ಉಪಯೋಗವಾಗುತ್ತಿತ್ತು. ಕೇಳಿ ಮನೆಗೆ ತಂದೆ. ಈ ವಿಷಯದಲ್ಲಿ ನಾನು ಬೇರೆ ಯಾರನ್ನೂ ದೂರಲಾರೆ. ಚೀಟಿಯಿಲ್ಲದ ಕಲ್ಲು ಬಾಗಿಲಿಗೆ ಹೋಗುವುದು ಸಹಜವೇ ಆಗಿದೆ.

ಈ ಕಲ್ಲಿನ ಮಹತ್ತ್ವವೇನೆಂದು ಕೇಳುವಿರಾದರೆ ಸ್ವಲ್ಪ ಪಾಠ ಮಾಡಬೇಕಾಗುತ್ತದೆ. ಬಾಗಲಕೋಟೆ, ಲೋಕಾಪುರ, ಮುಧೋಳದ ಸುತ್ತಲಿನ ಸುಣ್ಣಕಲ್ಲು, ಡಾಲಮೈಟ್‌ಗಳೆಲ್ಲ ಕಲಾದಗಿ ಶಿಲಾಸಮೂಹಕ್ಕೆ ಸೇರಿದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ಕಲಾದಗಿಯ ಹೆಸರನ್ನೇ ಈ ಶಿಲೆಗಳಿಗೆ ಕೊಟ್ಟರು. ಇವುಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಮಿಗಿಲು ಎಂಬುದು ವಿಜ್ಞಾನಿಗಳ ಅಂದಾಜು. ಆಗ ಇಲ್ಲಿ ಆಳವಿಲ್ಲದ ಕಡಲಿತ್ತು. ಎಲುಬಿರುವ ಪ್ರಾಣಿ ಯಾವುದೂ ಆಗ ಭೂಮಿಯ ಮೇಲಿರಲಿಲ್ಲ. ಆದ್ದರಿಂದ ನಮ್ಮ ಈ ಕಲ್ಲುಗಳಲ್ಲಿ ಡೈನೋಸಾರ್ ಹುಡುಕಿದರೆ ಸಿಗದು. ಸಿಗುವುದು ಅವಕ್ಕಿಂತ ಎಷ್ಟೋ ಹಳೆಯದಾದ, ಬಿಸಿಲನ್ನುಂಡು ಬದುಕಿದ ಅಂಟಂಟು ಜೀವಿಗಳ ಹಾಸು. ಆ ಹಾಸಿನ ಮೇಲೆ ಮಣ್ಣಿನ ಕಣ ಕೂಡುವುದು, ಜೀವಿಗಳು ಮೇಲೇರಿ ಮತ್ತೊಂದು ಹಾಸು ಹಾಸುವುದು, ಹೀಗೆ ಬೆಳೆದದ್ದೇ ಆ ಉಳ್ಳಾಗಡ್ಡಿಯ ಸುಳಿ. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಎಂಬಲ್ಲಿ ಇಂಥವು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ. ನಮ್ಮಲ್ಲಿ ಅವು ಸಿಮೆಂಟಾಗುತ್ತಿವೆ. ಸಿಮೆಂಟ್ ಬೇಡವೆಂದು ನಾನು ಹೇಳುತ್ತಿಲ್ಲ, ನನ್ನ ಮನೆಯೂ ಅದರಿಂದಲೇ ಕಟ್ಟಿದ್ದು. ಆದರೆ ಒಡೆದು ಹೋಗುವ ಮುನ್ನ ಕಂಡವರು ಬರೆದಿಡಬೇಕಲ್ಲವೆ? ಮೊದಲು ಕಾಣುವವನು ವಿಜ್ಞಾನಿಯಲ್ಲ, ಆ ಹುಡುಗನ ತಂದೆಯಂಥ ಕೂಲಿಕಾರ.

ಪಳೆಯುಳಿಕೆಯ ಕೆಲಸವೆಂದರೆ ಅಗೆಯುವುದು ಎಂದು ಜನ ತಿಳಿದಿದ್ದಾರೆ. ಅಗೆತ ಅದರ ಸಣ್ಣ ಭಾಗ. ತಂದದ್ದನ್ನು ಸೂಜಿ, ಕುಂಚಗಳಿಂದ ಬಿಡಿಸುವುದು, ಬಿರುಕು ಬಿಟ್ಟದ್ದನ್ನು ಅಂಟಿಸುವುದು, ಸಂಖ್ಯೆ ಹಾಕುವುದು, ದಾಖಲೆಪುಸ್ತಕದಲ್ಲಿ ಬರೆಯುವುದು, ಗೆದ್ದಲು, ತೇವಗಳಿಂದ ಕಾಯುವುದು ಇವೆಲ್ಲ ತಿಂಗಳು, ವರ್ಷಗಳ ಕೆಲಸಗಳು. ಇವುಗಳಿಗೆ ಹಣವೂ ಬೇಕು, ಕೈಗಳೂ ಬೇಕು. ಅಮೆರಿಕದ ಷಿಕಾಗೋ ನಗರದ ಫೀಲ್ಡ್ ಸಂಗ್ರಹಾಲಯವು 1997ರಲ್ಲಿ 'ಸೂ' ಎಂಬ ಡೈನೋಸಾರಿನ ಅಸ್ಥಿಪಂಜರವನ್ನು ಹರಾಜಿನಲ್ಲಿ ಸುಮಾರು 83.6 ಲಕ್ಷ ಡಾಲರುಗಳಿಗೆ ಕೊಂಡಿತು. ಹಣ ಕೊಟ್ಟವರು ಮೆಕ್‌ಡೊನಾಲ್ಡ್ಸ್, ಡಿಸ್ನಿಯಂಥ ಕಂಪನಿಗಳು ಮತ್ತು ಸಾಮಾನ್ಯ ದಾನಿಗಳು. ಆದರೆ ಕೊಂಡ ದಿನ ಅದು ಕಲ್ಲು ಮೆತ್ತಿದ ಎಲುಬುಗಳ ರಾಶಿ. ಅದು ಎದ್ದುನಿಂತು ಜನರಿಗೆ ಕಂಡದ್ದು 2000ದ ಮೇ ತಿಂಗಳಲ್ಲಿ. ಆ ಸಂಗ್ರಹಾಲಯದಲ್ಲಿ ಗಾಜಿನ ಗೋಡೆಯ ಹಿಂದೆ ಪಳೆಯುಳಿಕೆ ಶುಚಿಗೊಳಿಸುವವರನ್ನು ನೋಡಬಹುದು. ಅವರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರು.

ಅದು ಸಿರಿವಂತರ ದೇಶ ಎನ್ನುವಿರಿ. ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ಸಸ್ಯಗಳ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿದ ಬೀರಬಲ್ ಸಾಹ್ನಿ ಅವರು 1946ರಲ್ಲಿ ಲಖನೌದಲ್ಲಿ ಸಂಸ್ಥೆ ಕಟ್ಟಲು ಹೊರಟಾಗ ತಮ್ಮ ಸ್ವಂತ ಹಣ, ಗ್ರಂಥಭಂಡಾರ, ಪಳೆಯುಳಿಕೆಗಳ ಸಂಗ್ರಹ ಎಲ್ಲವನ್ನೂ ಪತ್ನಿ ಸಾವಿತ್ರಿಯವರೊಡನೆ ಅದಕ್ಕೇ ಧಾರೆ ಎರೆದರು. 1949ರ ಏಪ್ರಿಲ್ 3ರಂದು ನೆಹರೂ ಅವರು ಅಡಿಗಲ್ಲನ್ನಿಟ್ಟರು. ಆ ಅಡಿಗಲ್ಲಿನಲ್ಲಿಯೇ ಪಳೆಯುಳಿಕೆಗಳನ್ನು ಕೂಡಿಸಲಾಗಿತ್ತು. ಒಂದೇ ವಾರದಲ್ಲಿ, ಏಪ್ರಿಲ್ 10ರಂದು, ಸಾಹ್ನಿ ತೀರಿಕೊಂಡರು. ಅಲ್ಲಿಗೆ ಎಲ್ಲವೂ ನಿಂತುಹೋಗಬಹುದಾಗಿತ್ತು. ಸಾವಿತ್ರಿಯವರು ಅಧ್ಯಕ್ಷರಾಗಿ ಹೊಣೆ ಹೊತ್ತು ನಡೆಸಿದ್ದರಿಂದ ಆ ಸಂಸ್ಥೆ ಉಳಿದು ಬೆಳೆಯಿತು. ಕೊಟ್ಟ ಹಣಕ್ಕಿಂತ ಕೊಟ್ಟ ಬಾಳು ದೊಡ್ಡದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನೊಬ್ಬರು ನನ್ನ ವೃತ್ತಿಬಾಂಧವರು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಶಾಲಾ ಶಿಕ್ಷಕರಾದ ವಿಶಾಲ್ ವರ್ಮಾ ಅವರು ಪಾಠದ ಜೊತೆಜೊತೆಗೆ ವರ್ಷಾನುಗಟ್ಟಲೆ ನರ್ಮದಾ ಕಣಿವೆಯನ್ನು ಸುತ್ತಿ ಡೈನೋಸಾರ್ ಮೊಟ್ಟೆಗಳ ನೆಲೆಗಳನ್ನು ಗುರುತಿಸಿದರು. ಅಲ್ಲಿನ 92 ಗೂಡುಗಳು ಮತ್ತು 256 ಮೊಟ್ಟೆಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಸಂಶೋಧನಾ ಲೇಖನದ ಲೇಖಕರಲ್ಲಿ ಅವರೂ ಒಬ್ಬರು. ಅದೇ ಜಿಲ್ಲೆಯ ರೈತರು ಹೊಲ ಕಾಯುವ 'ಕಾಕಡ್ ಭೈರವ'ನೆಂದು ಪೂಜಿಸುತ್ತ ಬಂದಿದ್ದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು ತಜ್ಞರು ಗುರುತಿಸಿದ ಸುದ್ದಿ 2023ರ ಡಿಸೆಂಬರಿನಲ್ಲಿ ಬಂದಿತ್ತು. ಓದಿ ನಗಬೇಡಿ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಗಂಡಕೀ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಪುರಾತನ ಕಡಲಜೀವಿಯೊಂದರ ಚಿಪ್ಪಿನ ಗುರುತೇ. ಪೂಜೆಯೂ ಒಂದು ಬಗೆಯ ಕಾಪಾಡುವಿಕೆಯೇ ಎಂದು ನನಗೆ ಅನ್ನಿಸುತ್ತದೆ. ಆ ರೈತರು ಮೊಟ್ಟೆಯನ್ನು ಉಳಿಸಿದರು. ನಾನು ಬಿ.ಎಡ್. ಮಾಡಿದ ವಿಜ್ಞಾನ ಶಿಕ್ಷಕ, ಕಲ್ಲನ್ನು ಉಳಿಸಿಯೂ ಅದರ ಕಥೆಯನ್ನು ಕಳೆದೆ.

ಇವೆಲ್ಲ ಸರ್ಕಾರದ ಕೆಲಸವಲ್ಲವೆ ಎಂಬ ಪ್ರಶ್ನೆ ನ್ಯಾಯವಾದುದೇ. ಕಟ್ಟಡ, ಸಂಬಳ, ಕಾನೂನು ಸರ್ಕಾರದಿಂದಲೇ ಬರಬೇಕು. ಸ್ವಯಂಸೇವಕರಿದ್ದಾರೆಂದು ಹುದ್ದೆಗಳನ್ನು ಖಾಲಿ ಬಿಡುವುದು ಸರಿಯಲ್ಲ. ಭೂಪರಂಪರೆಯ ತಾಣಗಳ ರಕ್ಷಣೆಗೆ ಕೇಂದ್ರವು 2022ರ ಡಿಸೆಂಬರಿನಲ್ಲಿ ಕರಡು ಮಸೂದೆಯೊಂದನ್ನು ಜನರ ಮುಂದಿಟ್ಟಿತ್ತು. ಅಂಥ ಕಾನೂನು ಬೇಕೇ ಬೇಕು. ಆದರೆ ಎಲ್ಲವನ್ನೂ ದೂರದ ಒಂದು ಕಟ್ಟಡಕ್ಕೆ ಒಪ್ಪಿಸಿ ನಾವು ಕೈತೊಳೆದುಕೊಂಡರೆ ಏನಾಗಬಹುದೆಂಬುದನ್ನು 2016ರ ಏಪ್ರಿಲ್ 26ರಂದು ಕಂಡೆವು. ಅಂದು ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. ನಮ್ಮ ಮಕ್ಕಳಿಗೆ ಮೈಸೂರಿನಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಸಂಗ್ರಹಾಲಯವಿದೆ. ಇಲ್ಲಿಂದ ಅದು ರಾತ್ರಿಯಿಡೀ ಪ್ರಯಾಣ. ಬಾದಾಮಿಯಲ್ಲಿ ಚಾಲುಕ್ಯರ ಶಿಲ್ಪಗಳಿಗೊಂದು ಒಳ್ಳೆಯ ಮನೆಯಿದೆ. ಆ ಶಿಲ್ಪಗಳನ್ನು ಹೊತ್ತ ನೆಲದ ಕಥೆಗೆ ನಾವು ಕೊಟ್ಟ ಜಾಗ ತೀರ ಕಡಿಮೆ. ಗೋಕಾಕದ ಬಳಿ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು ಹೊಸ ಪ್ರಭೇದವೆಂದು ಇದೇ ಫೂಟ್ ಅವರು 1874ರಲ್ಲಿ ವರ್ಣಿಸಿದರು. ಘಟಪ್ರಭೆಯ ನಾಡಿನಲ್ಲಿ ಖಡ್ಗಮೃಗ ತಿರುಗುತ್ತಿತ್ತೆಂದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಬನಶಂಕರಿಯ ತೇರನ್ನು ನೆನೆಯಿರಿ. ತೇರು ಇಲ್ಲಿಯದು, ಅದನ್ನೆಳೆಯುವ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಬಂಡಿಯಲ್ಲಿ ಬರುತ್ತದೆ. ಹಗ್ಗ ತಂದವರ ಹೆಸರನ್ನು ಯಾವ ಕಂಬದಲ್ಲಿಯೂ ಕೆತ್ತಿಲ್ಲ. ಆದರೆ ಹಗ್ಗ ಬರದೆ ತೇರು ಕದಲುವುದಿಲ್ಲ. ಪಳೆಯುಳಿಕೆಗಳ ಕೆಲಸದಲ್ಲಿ ಹಣ ಕೊಟ್ಟವರು ತೇರು ಮಾಡಿಸಿದವರಂತೆ, ಚೀಟಿ ಬರೆಯುವವರು ಹಗ್ಗ ತಂದವರಂತೆ. ನಾವು ಮೊದಲಿನವರಿಗಷ್ಟೇ ಶಾಲು ಹೊದಿಸುತ್ತೇವೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಆ ಇಬ್ಬರಿಗೂ ಹೇಳಿದಂತೆಯೇ ನಿಮಗೂ ಹೇಳುತ್ತೇನೆ. ಕಮಾನು ಬೇಡ. ಆ ಹಣದಲ್ಲಿ ಬೀಗವಿರುವ ಒಂದು ಕಪಾಟು, ಒಂದು ದಪ್ಪ ದಾಖಲೆಪುಸ್ತಕ ಕೊಡಿಸಿ. ಉಳಿದದ್ದನ್ನು ಠೇವಣಿಯಿಟ್ಟು, ಬರುವ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳನ್ನು ಬಲ್ಲವರೊಡನೆ ಹೊರಗೆ ಕರೆದೊಯ್ಯಿರಿ. ಒಂದು ಸಲ ಕೊಡುವ ದೊಡ್ಡ ಮೊತ್ತಕ್ಕಿಂತ ವರ್ಷವರ್ಷವೂ ಬರುವ ಸಣ್ಣ ಮೊತ್ತವೇ ಇಂಥ ಕೆಲಸವನ್ನು ಬದುಕಿಸುತ್ತದೆ. ಯಾರೂ ಗುದ್ದಲಿ ಹಿಡಿದು ಹೊರಡಬೇಡಿ. ಬಂಡೆಯಿಂದ ಕಿತ್ತ ಕಲ್ಲು ಅರ್ಧ ಸತ್ತ ಸಾಕ್ಷಿ. ಕಂಡದ್ದರ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಗೊಂದು ಪೆನ್ನು ಇಡಿ, ಜಾಗ ಮತ್ತು ದಿನಾಂಕ ಬರೆಯಿರಿ, ಧಾರವಾಡದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೋ ತಿಳಿಸಿ. ತಾವಾಗಿ ಒಡೆದು ಬಿದ್ದ ಕಲ್ಲು ಕೈಗೆ ಬಂದರೆ ಅದನ್ನು ತಂದುಕೊಟ್ಟವನ ಹೆಸರನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಹೊರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳು ತಮ್ಮ ಊರಿನ ಸಂಗ್ರಹಾಲಯದಲ್ಲಿ ವಾರಕ್ಕೊಂದು ತಾಸು ಸೇವೆ ಮಾಡಿ ಕಲಿತು, ಊರಿಗೆ ಬಂದಾಗ ನಮ್ಮ ಮಕ್ಕಳಿಗೆ ಕಲಿಸಲಿ. ಅದು ಹಣಕ್ಕಿಂತ ಹೆಚ್ಚಿನ ಕಾಣಿಕೆ.

ಅವರಿಬ್ಬರೂ ಕೇಳಿಕೊಂಡು, "ಬ್ಯಾಚಿನವರನ್ನ ಕೇಳಿ ಹೇಳ್ತೇವ್ರಿ ಸರ್" ಎಂದು ಹೋಗಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಅವರು ಹೋದ ರಾತ್ರಿ ನಾನು ಈ ಕಲ್ಲಿಗೆ ಕೊನೆಗೂ ಒಂದು ಚೀಟಿ ಬರೆದೆ. ಬಗೆ: ಸ್ಟ್ರೊಮ್ಯಾಟೊಲೈಟ್. ಸಿಕ್ಕ ಜಾಗ: ಲೋಕಾಪುರದ ಕಡೆ. ಅದರ ಮುಂದೆ ಎರಡು ಗೆರೆ ಖಾಲಿ ಬಿಟ್ಟಿದ್ದೇನೆ. ತಂದವನ ಹೆಸರನ್ನು ಪೂರ್ತಿಯಾಗಿ ಬರೆದಿದ್ದೇನೆ, ಅದು ನನಗೆ ಮರೆತಿಲ್ಲ. ಅಂದಿನ ಆ ಹುಡುಗ ಈಗ ನಲವತ್ತು ದಾಟಿರಬೇಕು. ಅವನಾಗಲಿ, ಅವನನ್ನು ಬಲ್ಲವರಾಗಲಿ ಇದನ್ನು ಓದಿದರೆ ದಯವಿಟ್ಟು ನನಗೆ ತಿಳಿಸಿ. ತಮ್ಮಾ, ಅದು ಯಾವ ಕ್ವಾರಿ ಎಂಬುದನ್ನು ಹೇಳು. ಅಂದೇ ಕೇಳಬೇಕಾಗಿತ್ತು, ಕೇಳಲಿಲ್ಲ.

ನಿಮ್ಮ ಮೇಷ್ಟ್ರು,
ಚೊಳಚಗುಡ್ಡ