ಎಣ್ಣೆ ಸೋರುವುದು ಹಳೆಯ ಜೀಪಿನ ಗುಣವಲ್ಲ

ಸೇನೆಯಿಂದ ನಿವೃತ್ತವಾದ ಜೀಪುಗಳನ್ನು ಕೊಂಡು, ತುಕ್ಕು ಕೆರೆದು, ಹಸಿರು ಬಣ್ಣ ಬಳಿದು ಮತ್ತೆ ರಸ್ತೆಗಿಳಿಸುವ ಹವ್ಯಾಸ ನಮ್ಮ ನಾಡಿನಲ್ಲಿ ಬೇರೂರಿದೆ. ಈ ಹವ್ಯಾಸಿಗಳ ನಡುವೆ ಒಂದು ವಿನೋದದ ಮಾತು ಚಲಾವಣೆಯಲ್ಲಿದೆ: ಹಳೆಯ ಜೀಪಿನಿಂದ ಎಣ್ಣೆ ಸೋರುತ್ತಿಲ್ಲವೆಂದರೆ ಒಳಗೆ ಎಣ್ಣೆಯೇ ಇಲ್ಲವೆಂದು ತಿಳಿಯಬೇಕು! ಕೇಳಿ ನಗಬಹುದು, ಆದರೆ ಅದನ್ನು ಒಪ್ಪಿ ನಡೆಯುವುದು ತರವಲ್ಲ. ಸೋರಿಕೆಯನ್ನು ವಯಸ್ಸಿನ ಲಕ್ಷಣವೆಂದು ಭಾವಿಸಿದವರು ಕಾರಣವನ್ನು ಹುಡುಕುವುದಿಲ್ಲ. ಕಡಿಮೆಯಾದಷ್ಟು ಎಣ್ಣೆ ಸುರಿದು ಮುಂದೆ ಸಾಗುತ್ತಾರೆ. ಗೇರ್ ಬಾಕ್ಸಿನ ಸೋರಿಕೆ ನಿಲ್ಲುವ ತನಕ ಯಾವ ಜೀಪಿನ ದುರಸ್ತಿಯೂ ಮುಗಿದಿಲ್ಲವೆಂಬುದು ನಮ್ಮ ನಿಲುವು.

ಈ ವಾಹನಗಳ ಬಗ್ಗೆ ನಮಗೆ ಹಗೆಯಿಲ್ಲ. 1941ರಿಂದ 1945ರ ನಡುವೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 6 ಲಕ್ಷಕ್ಕೂ ಮಿಕ್ಕಿ ಯುದ್ಧದ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅದೇ ವಂಶದ ಗಾಡಿಗಳು ದಶಕಗಳ ಕಾಲ ನಮ್ಮ ಘಟ್ಟಗಳನ್ನು ಹತ್ತಿಳಿದವು. ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ನಿಸ್ಸಾನ್ ಮಾದರಿಯಂತೆ ತಯಾರಾದ ಜೋಂಗಾ ಕೂಡ ಸೇನೆಯ ಹರಾಜಿನ ಮೂಲಕ ಜನರ ಕೈಸೇರಿತು. ರಸ್ತೆಯಿಲ್ಲದ ಊರಿಗೆ ಬಸುರಿ ಬಾಣಂತಿಯರನ್ನೂ ರೋಗಿಗಳನ್ನೂ ಹೊತ್ತ ಜೀಪಿನ ಋಣವನ್ನು ಗುಡ್ಡದ ಜನ ಮರೆಯಲಾರರು. ಹಳೆಯದನ್ನು ಗುಜರಿಗೆ ಹಾಕದೆ ದುರಸ್ತಿ ಮಾಡಿ ಬಳಸುವುದು ಪರಿಸರದ ದೃಷ್ಟಿಯಿಂದಲೂ ಒಳ್ಳೆಯದೇ. ಆದರೆ ಆ ದುರಸ್ತಿ ಬಣ್ಣದ ಮಟ್ಟಿಗೆ ನಿಲ್ಲಬಾರದು.

ಒಂದು ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ 1,440 ಹನಿ. 30 ಹನಿಗೆ ಒಂದು ಮಿಲಿಲೀಟರ್ ಎಂದು ಸ್ಥೂಲವಾಗಿ ಹಿಡಿದರೂ ದಿನಕ್ಕೆ ಸುಮಾರು 48 ಮಿಲಿಲೀಟರ್, ತಿಂಗಳಿಗೆ ಸುಮಾರು 1.4 ಲೀಟರ್ ಆಯಿತು. ಯುದ್ಧಕಾಲದ ವಿಲ್ಲಿಸ್ ಜೀಪಿನ ಗೇರ್ ಬಾಕ್ಸು ಹಿಡಿಯುವ ಎಣ್ಣೆ ಸುಮಾರು 0.7 ಲೀಟರ್, ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸು ಹಿಡಿಯುವುದು ಸುಮಾರು 1.4 ಲೀಟರ್. ಅಂದರೆ, 'ಒಂದೊಂದು ಹನಿ ತಾನೆ' ಎಂದು ನಾವು ಕಡೆಗಣಿಸುವ ಸೋರಿಕೆ, ತಿಂಗಳಿಗೊಮ್ಮೆ ಇಡೀ ಟ್ರಾನ್ಸ್‌ಫರ್ ಕೇಸನ್ನು ನೆಲಕ್ಕೆ ಬರಿದು ಮಾಡಿದಂತೆ.

ಆ ಎಣ್ಣೆ ಎಲ್ಲಿಗೆ ಹೋಗುತ್ತದೆ? ಬಯಲುಸೀಮೆಯ ಹಿಪ್ಪರಗಿಯಲ್ಲಿ ಕುಳಿತು ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಇಲ್ಲಿನ ಬ್ಯಾರೇಜಿನಲ್ಲಿ ನಿಲ್ಲುವ ಕೃಷ್ಣೆಯ ನೀರು ಮಹಾಬಳೇಶ್ವರದ ಗಿರಿಯಿಂದ ಬಂದದ್ದು. ದಾರಿಯಲ್ಲಿ ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ನದಿಗಳು ಸಹ್ಯಾದ್ರಿಯ ನೀರನ್ನೇ ಅದಕ್ಕೆ ತಂದು ಸೇರಿಸಿವೆ. ಮುಧೋಳದವರು ಕಾಣುವ ಘಟಪ್ರಭೆಗೆ ಆಂಬೋಲಿಯ ಹಿರಣ್ಯಕೇಶಿ ಕೂಡಿದೆ. ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿಯ ಹೊಲಮನೆಗಳು ಬದುಕಿರುವುದು ಗುಡ್ಡದ ನೀರಿನಿಂದ. ಘಟ್ಟದ ತಿರುವಿನಲ್ಲಿ ಬಿದ್ದ ಹನಿ ಹಿಪ್ಪರಗಿಯ ತನಕ ಬಂದು ನಮ್ಮನ್ನು ಬಾಧಿಸುತ್ತದೆಂದು ಉತ್ಪ್ರೇಕ್ಷೆ ಮಾಡುವುದಿಲ್ಲ. ಅದು ಮೊದಲು ಕೆಡಿಸುವುದು ನಿಮ್ಮ ಮನೆಯ ಹಿಂದಿನ ಹಳ್ಳವನ್ನು. ನೀರಿನ ಮೇಲೆ ಹರಡುವ ಎಣ್ಣೆಯ ತೆಳು ಪೊರೆ ಗಾಳಿ ನೀರಿನೊಳಗೆ ಬೆರೆಯುವುದಕ್ಕೆ ಅಡ್ಡಿಯಾಗುತ್ತದೆ. ನೀರಿನ ಮೇಲ್ಮೈಯನ್ನೇ ನೆಚ್ಚಿದ ಕೀಟಗಳಿಗೂ ಕಪ್ಪೆಯ ಮೊಟ್ಟೆಗಳಿಗೂ ಕುತ್ತಾಗುತ್ತದೆ. ಸಣ್ಣ ಝರಿಗೆ ದೊಡ್ಡ ನದಿಯಂತೆ ಕೊಳೆಯನ್ನು ತೆಳುವಾಗಿಸಿಕೊಳ್ಳುವ ಶಕ್ತಿಯಿಲ್ಲ.

ಹಳ್ಳದ ಮಾತು ಬದಿಗಿಟ್ಟರೂ, ಏರು ದಾರಿಯವರು ಅರಿಯಬೇಕಾದ ಇನ್ನೊಂದು ಸಂಗತಿಯಿದೆ. ಇಂದಿನ ಬಹುಪಾಲು ಕಾರುಗಳಲ್ಲಿ ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಯುದ್ಧದ ಜೀಪಿನಲ್ಲೂ ಅದರ ವಂಶದ ಅನೇಕ ಹಳೆಯ ಗಾಡಿಗಳಲ್ಲೂ ಹ್ಯಾಂಡ್ ಬ್ರೇಕಿನ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲೇ ಇದೆ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಅಲ್ಲಿನ ಆಯಿಲ್ ಸೀಲು ಸವೆದರೆ ಎಣ್ಣೆ ಮೊದಲು ನೆನೆಸುವುದು ಬ್ರೇಕಿನ ಲೈನಿಂಗನ್ನು. ಇಳಿಜಾರಿನಲ್ಲಿ ನಿಲ್ಲಿಸಿ ಹೋದ ಜೀಪು ತಾನಾಗಿ ಉರುಳಲು ಇಷ್ಟೇ ಸಾಕು. ಹನಿಯನ್ನು ಕಂಡು ನಗುವವರು ಈ ಅಪಾಯವನ್ನು ಕಂಡಿಲ್ಲ.

ಹಾಗಾದರೆ ಮಾಡಬೇಕಾದುದೇನು? ಗೇರ್ ಬಾಕ್ಸನ್ನು ಬಿಚ್ಚುವ ಮೊದಲು ಹೊರಮೈಯನ್ನು ಚೆನ್ನಾಗಿ ಒರೆಸಿ, ಸ್ವಲ್ಪ ದೂರ ಓಡಿಸಿ, ಒದ್ದೆ ಎಲ್ಲಿಂದ ಹುಟ್ಟುತ್ತದೆಂದು ನೋಡಬೇಕು. ಗಾಳಿಗೆ ಹಿಂದಕ್ಕೆ ಹರಿದ ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಅನಂತರ ಬ್ರೀದರ್ ಎಂಬ ಉಸಿರುರಂಧ್ರವನ್ನು ನೋಡಬೇಕು. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ರಂಧ್ರ ಕೆಸರಿನಿಂದ ಕಟ್ಟಿದ್ದರೆ ಒತ್ತಡವು ಒಳ್ಳೆಯ ಸೀಲಿನಿಂದಲೂ ಎಣ್ಣೆಯನ್ನು ಹೊರದಬ್ಬುತ್ತದೆ. ಬಿಸಿಯಾದ ಗೇರ್ ಬಾಕ್ಸು ತಣ್ಣನೆಯ ಹೊಳೆಗಿಳಿದಾಗ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ: ಒಳಗಿನ ಗಾಳಿ ಕುಗ್ಗಿ, ಎಣ್ಣೆ ಹೊರಬಂದ ದಾರಿಯಿಂದಲೇ ನೀರನ್ನು ಒಳಗೆಳೆಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ.

ಮೂರನೆಯದು ಎಣ್ಣೆಯ ಮಟ್ಟ. ಗೇರ್ ಬಾಕ್ಸಿನ ಎಣ್ಣೆ ಹಿಂದಿನ ಬೇರಿಂಗನ್ನು ದಾಟಿ ಟ್ರಾನ್ಸ್‌ಫರ್ ಕೇಸಿಗೆ ಸರಿಯುವುದುಂಟು. ಆಗ ಒಂದು ಕಡೆ ಬರ, ಇನ್ನೊಂದು ಕಡೆ ನೆರೆ. ನೆರೆ ಬಂದ ಕಡೆ ಸೋರಿಕೆ. ಎರಡರ ಮಟ್ಟವನ್ನೂ ಒಟ್ಟಿಗೆ ಅಳೆಯದವರಿಗೆ ಇದು ತಿಳಿಯುವುದೇ ಇಲ್ಲ. ಇವು ಮೂರೂ ಸರಿಯಿದ್ದು ಸೋರುತ್ತಿದ್ದರೆ ಮಾತ್ರ ಸೀಲಿಗೆ ಕೈಹಾಕಬೇಕು. ಹೊಸ ಸೀಲು ಹಾಕಿದ ತಿಂಗಳಲ್ಲೇ ಮತ್ತೆ ಸೋರಿದರೆ ಸೀಲನ್ನು ಬೈಯುವುದು ರೂಢಿ. ಆದರೆ ಹಳೆಯ ಸೀಲು ಉಜ್ಜಿ ಉಜ್ಜಿ ಲೋಹದ ಮೇಲೆ ಗೀರು ಬಿದ್ದಿದ್ದರೆ, ಬೇರಿಂಗು ಸವೆದು ಶಾಫ್ಟು ಅಲುಗುತ್ತಿದ್ದರೆ, ಎಂಥ ಸೀಲೂ ನಿಲ್ಲದು. ಗೀರು ಬಿದ್ದ ಕಡೆ ತೆಳುವಾದ ಉಕ್ಕಿನ ಕವಚ ತೊಡಿಸಬೇಕು ಅಥವಾ ಲೇತ್‌ನಲ್ಲಿ ಸರಿಪಡಿಸಬೇಕು, ಬೇರಿಂಗನ್ನು ಬದಲಿಸಬೇಕು. ಟ್ರಾನ್ಸ್‌ಫರ್ ಕೇಸಿನ ನಡುವಿನ ಶಾಫ್ಟು ಹಿಂದುಗಡೆ ಹೊರಚಾಚುವ ತೂತು ಈ ಜೀಪುಗಳ ಹೆಸರಾದ ಸೋರುತಾಣ, ಅದನ್ನೂ ಮರೆಯಬಾರದು.

ಅಡ್ಡದಾರಿಗಳೂ ಇವೆ. ಸೋರದಿರಲೆಂದು ಎಣ್ಣೆಯ ಬದಲು ಗ್ರೀಸು ತುಂಬುವವರಿದ್ದಾರೆ. ಗೇರಿನ ಹಲ್ಲುಗಳು ಗ್ರೀಸಿನಲ್ಲಿ ಕಾಲುವೆ ಕೊರೆದುಕೊಂಡು ತಿರುಗುತ್ತವೆ. ಬೇರಿಂಗುಗಳು ಒಣಗಿ ಸಾಯುತ್ತವೆ. ಸೋರಿಕೆ ನಿಲ್ಲಿಸುವ ಔಷಧವೆಂದು ಮಾರುವ ದ್ರವಗಳು ರಬ್ಬರನ್ನು ಉಬ್ಬಿಸಬಲ್ಲವೇ ಹೊರತು ಸವೆದ ಲೋಹವನ್ನು ಬೆಳೆಸಲಾರವು. ಎಣ್ಣೆಯ ಆಯ್ಕೆಯಲ್ಲೂ ಎಚ್ಚರ ಬೇಕು: ಜಿಎಲ್-5 ದರ್ಜೆಯ ಎಷ್ಟೋ ಎಣ್ಣೆಗಳಲ್ಲಿರುವ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಹಳೆಯ ಗೇರ್ ಬಾಕ್ಸಿನ ಕಂಚಿನ ಬಿಡಿಭಾಗಗಳನ್ನು ತಿನ್ನಬಲ್ಲವು, ಅಲ್ಲಿಗೆ ಜಿಎಲ್-4 ದರ್ಜೆಯೇ ಲೇಸು.

'ಹೊಸ ಕಾಲದ ಸೀಲು ಹಾಕಿದರೆ ಮೂಲರೂಪ ಕೆಡುತ್ತದೆ' ಎಂಬ ಆಕ್ಷೇಪವನ್ನೂ ಪರಿಶೀಲಿಸೋಣ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು 50 ವರ್ಷ ಮೀರಿದ ಖಾಸಗಿ ವಾಹನಗಳಿಗೆ 'ವಿಂಟೇಜ್' ನೋಂದಣಿಯ ಅವಕಾಶ ಕೊಟ್ಟಿವೆ. ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಶಾಫ್ಟಿನ ಸುತ್ತ ಅಡಗಿರುವ ಅಂಗೈಯಗಲದ ಸೀಲು ಅದರಲ್ಲಿ ಬರುವುದಿಲ್ಲ. ಸಾಲದ್ದಕ್ಕೆ, ಹೊಸದಾಗಿದ್ದಾಗ ಎಣ್ಣೆಯನ್ನು ಒಳಗೇ ಹಿಡಿದಿಟ್ಟುಕೊಂಡದ್ದೂ ಆ ಜೀಪಿನ ಮೂಲಗುಣವಲ್ಲವೇ?

ಕೊನೆಯದಾಗಿ, ಬಿಚ್ಚಿ ತೆಗೆದ ಎಣ್ಣೆಯ ವಿಚಾರ. ಗೆದ್ದಲು ಬಾರದಿರಲೆಂದು ಬೇಲಿಯ ಕಂಬಕ್ಕೆ, ಕೊಟ್ಟಿಗೆಯ ತೊಲೆಗೆ ಹಳೆಯ ಎಣ್ಣೆ ಬಳಿಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಮೊದಲ ಮಳೆಗೆ ಅದು ಮಣ್ಣಿಗಿಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅಧಿಕೃತ ಮರುಸಂಸ್ಕರಣೆಗೆ ಹೋಗಬೇಕಾದುದು. 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಕರ ಮೇಲೂ ಇದರ ಹೊಣೆಯನ್ನು ಕಾನೂನು ಹೊರಿಸಿದೆ. ಆದರೆ ಗುಡ್ಡದ ಗ್ಯಾರೇಜಿನಿಂದ ಆ ಘಟಕದವರೆಗೆ ಡಬ್ಬಿಯನ್ನು ಒಯ್ಯುವವರಾರು? ಗ್ರಾಮ ಪಂಚಾಯಿತಿಗಳು ಒಂದೊಂದು ಮುಚ್ಚಳದ ಪೀಪಾಯಿ ಇರಿಸಿ, ತುಂಬಿದಾಗ ಅಧಿಕೃತರಿಗೆ ಒಪ್ಪಿಸುವ ವ್ಯವಸ್ಥೆ ಮಾಡಿದರೆ ಕಾನೂನು ಕಾಗದದಿಂದ ನೆಲಕ್ಕಿಳಿದೀತು.

ವಿದ್ಯಾರ್ಥಿ ಮಿತ್ರರು ಇಂದಿನಿಂದಲೇ ಆರಂಭಿಸಬಹುದಾದ ಒಂದು ಕೆಲಸವಿದೆ. ಊರಿನಲ್ಲಿ ಜೀಪೋ ಟ್ರ್ಯಾಕ್ಟರೋ ಇದ್ದರೆ, ಮಾಲೀಕರ ಒಪ್ಪಿಗೆ ಪಡೆದು ರಾತ್ರಿ ಅದರಡಿ ಒಂದು ರಟ್ಟನ್ನು ಹಾಸಿರಿ. ಬೆಳಿಗ್ಗೆ ಕಲೆಗಳನ್ನು ಎಣಿಸಿ, ಯಾವ ಭಾಗದ ಕೆಳಗೆ ಬಿದ್ದಿವೆಯೆಂದು ಗುರುತು ಹಾಕಿ, ಮಾಲೀಕರಿಗೆ ವಿನಯದಿಂದ ತೋರಿಸಿರಿ. ಹಳೆಯ ವಾಹನಗಳ ಮೆರವಣಿಗೆ ನಡೆಸುವವರೂ ಇದನ್ನೇ ನಿಯಮ ಮಾಡಲಿ: ರಟ್ಟಿನ ಮೇಲೆ ಕಲೆ ಬೀಳಿಸುವ ಜೀಪಿಗೆ ಘಟ್ಟದ ದಾರಿಯಲ್ಲಿ ಜಾಗವಿಲ್ಲ. ಬಹುಮಾನವನ್ನು ಮಿರುಗುವ ಬಣ್ಣಕ್ಕೆ ಕೊಡುವ ಮೊದಲು ತೀರ್ಪುಗಾರರು ಒಮ್ಮೆ ಬಗ್ಗಿ ಗಾಡಿಯ ಅಡಿಯನ್ನು ನೋಡಲಿ.