ಖಾಕಿ ತೊಟ್ಟ ಮಕ್ಕಳು, ಚೀಲ ಹಿಡಿದ ಹೆತ್ತವರು

1948ರಲ್ಲಿ ಹುಟ್ಟಿದ ಎನ್.ಸಿ.ಸಿ. ಎಂದರೆ ಕವಾಯತು, ಬಂದೂಕು ಎಂಬ ಭಾವನೆಯೇ ಬಹುಜನರದು. 2021ರ ಡಿಸೆಂಬರಿನಲ್ಲಿ ‘ಪುನೀತ್ ಸಾಗರ್’ ಅಭಿಯಾನದಡಿ ಅದರ ಕೆಡೆಟ್‌ಗಳು ಕಡಲತೀರದ ಪ್ಲಾಸ್ಟಿಕ್ ಹೆಕ್ಕತೊಡಗಿದರು. ಮುಂದೆ ಆ ಕಾರ್ಯ ನದಿ, ಕೆರೆಗಳಿಗೂ ಹಬ್ಬಿದ್ದು ಉಚಿತವೇ ಆಯಿತು. ಘಟ್ಟದ ಹಳ್ಳಕ್ಕೆಸೆದ ಪೊಟ್ಟಣ ಮಳೆಗಾಲದಲ್ಲಿ ನೇತ್ರಾವತಿಯ ಹಾದಿ ಹಿಡಿದರೆ ಮಂಗಳೂರಿನ ಕಡಲಿಗೇ ಹೋಗುತ್ತದೆ. ಈ ಮಕ್ಕಳು ಅಭಿನಂದನಾರ್ಹರು.

ಆದರೆ ‘ಬಿ’, ‘ಸಿ’ ಪ್ರಮಾಣಪತ್ರಗಳು ಕೆಡೆಟ್‌ಗಳಿಗೆ ಮಾತ್ರ. ನಸುಕಿನಲ್ಲೆದ್ದು ಬುತ್ತಿ ಕಟ್ಟಿ, ಮಗಳನ್ನು ಮೊದಲ ಬಸ್ಸಿಗೆ ಹತ್ತಿಸುವ, ಒಂದು ದಿನದ ಕೂಲಿ ಬಿಟ್ಟು ತಾವೂ ಚೀಲ ಹಿಡಿದು ಹಳ್ಳಕ್ಕಿಳಿಯುವ ತಾಯ್ತಂದೆಯರಿಗೆ ಯಾವ ಪದಕವೂ ಇಲ್ಲ. ಅವರು ಕೇಳುವವರೂ ಅಲ್ಲ. ಹೆಕ್ಕಿದ ಕಸವನ್ನೊಯ್ಯಲು ಪಂಚಾಯಿತಿಯ ಗಾಡಿ ಸಕಾಲಕ್ಕೆ ಬಂದರೆ ಸಾಕು. ಬಾರದಿದ್ದರೆ ಮೊದಲ ಮಳೆಗೆ ಆ ಚೀಲಗಳೇ ಹೊಳೆಗೆ ಬೀಳುತ್ತವೆ.