ಒಗ್ಗುವುದು ನಮ್ಮ ಮೈಯಲ್ಲ

"ಆ ಮಾತ್ರೆ ನನ್ನ ಮೈಗೆ ಒಗ್ಗಿಹೋಗಿದೆ, ಈಗ ಅದು ನಾಟುವುದಿಲ್ಲ" ಎಂಬ ಮಾತನ್ನು ನಮ್ಮ ಬಂಧುವರ್ಗದಲ್ಲಿ ಕೇಳದವರಿಲ್ಲ. ಆ್ಯಂಟಿಬಯೋಟಿಕ್ ಔಷಧಿಗಳ ವಿಷಯದಲ್ಲಿ ಈ ಮಾತು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಗ್ಗುವುದು ತನ್ನ ಮೈ ಎಂದು ನಂಬಿದವನು ಅದನ್ನು ತನ್ನ ಸ್ವಂತ ವಿಷಯವೆಂದೇ ಭಾವಿಸುತ್ತಾನೆ. ಮಾತ್ರೆ ಬದಲಿಸಿದರಾಯಿತು ಎಂದುಕೊಳ್ಳುತ್ತಾನೆ. ವಾಸ್ತವವಾಗಿ ಬದಲಾಗುವುದು ಬ್ಯಾಕ್ಟೀರಿಯಾ. ಅದು ಹೇಗೆಂಬುದನ್ನು ಒಂದೇ ಒಂದು ಕಿಣ್ವದ ಉದಾಹರಣೆಯಿಂದ ವಿವರಿಸಲು ಯತ್ನಿಸುತ್ತೇನೆ. ಪ್ರೌಢಶಾಲೆಯ ವಿಜ್ಞಾನ ಅಲ್ಪಸ್ವಲ್ಪ ನೆನಪಿದ್ದರೆ ಸಾಕು.

ಎರಿಥ್ರೋಮೈಸಿನ್ ಎಂಬ ಔಷಧಿ 1952ರಲ್ಲಿ ಬಳಕೆಗೆ ಬಂದಿತು. ಇಂದು ಮನೆಮನೆಗೂ ಪರಿಚಿತವಾದ ಅಜಿಥ್ರೋಮೈಸಿನ್ ಅದರ ವಂಶದ್ದೇ. ಜೀವಕೋಶದಲ್ಲಿ ಪ್ರೋಟೀನು ತಯಾರಾಗುವ ಸ್ಥಳ ರೈಬೋಸೋಮ್ ಎಂಬುದು ನಿಮಗೆ ತಿಳಿದಿದೆ. ಹೊಸದಾಗಿ ಹೆಣೆದ ಪ್ರೋಟೀನಿನ ಸರಪಳಿ ಅದರೊಳಗಿನ ಒಂದು ಸುರಂಗದ ಮೂಲಕ ಹೊರಬರುತ್ತದೆ. ಈ ಔಷಧಿಗಳು ಆ ಸುರಂಗದ ಬಾಯಿಯ ಬಳಿ ಕುಳಿತು ದಾರಿಗೆ ಅಡ್ಡವಾಗುತ್ತವೆ. ಅವು ಕುಳಿತುಕೊಳ್ಳಲು ಮುಖ್ಯ ಆಸರೆ ರೈಬೋಸೋಮಿನ ಆರ್‌ಎನ್‌ಎಯಲ್ಲಿ 2058ನೆಯ ಸ್ಥಾನದಲ್ಲಿರುವ ಅಡೆನೀನ್. ನಮ್ಮ ಜೀವಕೋಶಗಳ ರೈಬೋಸೋಮಿನಲ್ಲಿ ಅದೇ ಜಾಗದಲ್ಲಿ ಗ್ವಾನೀನ್ ಇರುವುದರಿಂದ ಔಷಧಿ ಅಲ್ಲಿ ನೆಲೆಯೂರದು.

ಈಗ ಕಿಣ್ವದ ವಿಷಯಕ್ಕೆ ಬರೋಣ. ಎರ್ಮ್ ಎಂಬ ಹೆಸರಿನ ಮೀಥೈಲ್‌ಟ್ರಾನ್ಸ್‌ಫರೇಸ್ ಕಿಣ್ವಗಳು ಮಾಡುವ ಕೆಲಸ ಒಂದೇ: ಆ ಅಡೆನೀನಿನ ಸಾರಜನಕಕ್ಕೆ ಎರಡು ಮೀಥೈಲ್ ಗುಂಪುಗಳನ್ನು ಜೋಡಿಸುವುದು. ಮೀಥೈಲ್ ಗುಂಪೆಂದರೆ ಒಂದು ಇಂಗಾಲ, ಮೂರು ಜಲಜನಕ, ಅಷ್ಟೆ. ಈ ಕುಟುಂಬದ ಎರ್ಮ್-ಸಿ ಎಂಬುದು 244 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಅದಕ್ಕೆ ಎರಡು ಭಾಗಗಳಿವೆ. ದೊಡ್ಡ ಭಾಗದ ಕುಳಿಯಲ್ಲಿ ಮೀಥೈಲ್ ದಾನಿಯಾದ ಎಸ್-ಅಡಿನೋಸಿಲ್ ಮೆಥಿಯೊನೀನ್ ಕೂರುತ್ತದೆ. ಚಿಕ್ಕ ಭಾಗ ಸುರುಳಿಗಳಿಂದಾದುದು. ಸುಮಾರು 2900 ಘಟಕಗಳುಳ್ಳ ಆರ್‌ಎನ್‌ಎಯಲ್ಲಿ ಈ ಕಿಣ್ವ ಆ ಒಂದನ್ನೇ ಗುರುತಿಸಿ ಹಿಡಿಯುತ್ತದೆ. ಪರಿಣಾಮವೇನು? 2021ರಲ್ಲಿ ಪ್ರಕಟವಾದ ರಚನಾ ಅಧ್ಯಯನದ ಪ್ರಕಾರ, ಔಷಧಿಗೂ ರೈಬೋಸೋಮಿಗೂ ನಡುವೆ ಕೊಂಡಿಯಾಗಿದ್ದ ಒಂದು ನೀರಿನ ಅಣುವಿಗೆ ಅಲ್ಲಿ ಜಾಗವಿಲ್ಲದಂತಾಗುತ್ತದೆ. ಕೊಂಡಿ ಕಳಚುತ್ತದೆ, ಔಷಧಿ ನಿಲ್ಲಲಾರದು.

ಇನ್ನೂ ಆಶ್ಚರ್ಯದ ಸಂಗತಿಯೊಂದಿದೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಈ ಕಿಣ್ವ ಸದಾ ತಯಾರಾಗುವುದಿಲ್ಲ. ಎರ್ಮ್-ಸಿಯ ಸಂದೇಶದ ಮುಂದೆ 19 ಅಮೈನೋ ಆಮ್ಲಗಳ ಒಂದು ಪೀಠಿಕೆಯಿದೆ. ಔಷಧಿಯಿಲ್ಲದಾಗ ರೈಬೋಸೋಮ್ ಪೀಠಿಕೆಯನ್ನು ಓದಿ ಮುಗಿಸಿ ಹೊರಟುಹೋಗುತ್ತದೆ. ಮುಂದಿನ ಪಾಠ ಮಡಿಕೆಯೊಳಗೆ ಮುಚ್ಚಿಯೇ ಇರುತ್ತದೆ. ಸ್ವಲ್ಪ ಎರಿಥ್ರೋಮೈಸಿನ್ ಒಳಹೊಕ್ಕಿತೆಂದರೆ, ಅದು ಅಂಟಿಕೊಂಡ ರೈಬೋಸೋಮ್ ಪೀಠಿಕೆಯ ನಡುವೆಯೇ ನಿಂತುಬಿಡುತ್ತದೆ. ಆಗ ಮಡಿಕೆ ಬಿಚ್ಚಿಕೊಳ್ಳುತ್ತದೆ. ಔಷಧಿ ಅಂಟದೆ ಉಳಿದ ಬೇರೊಂದು ರೈಬೋಸೋಮ್ ಆ ಪಾಠವನ್ನೋದಿ ಕಿಣ್ವವನ್ನು ತಯಾರಿಸುತ್ತದೆ. ಅಂದರೆ ಔಷಧಿಯೇ ತನ್ನ ಶತ್ರುವನ್ನು ಎಬ್ಬಿಸುತ್ತದೆ! ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಎರಿಥ್ರೋಮೈಸಿನ್ ಬಿಲ್ಲೆಯ ಪಕ್ಕದಲ್ಲಿ ಕ್ಲಿಂಡಾಮೈಸಿನ್ ಬಿಲ್ಲೆಯನ್ನಿಟ್ಟರೆ, ಅದರ ಸುತ್ತಲಿನ ದುಂಡನೆಯ ಖಾಲಿ ವಲಯ ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿ ಇಂಗ್ಲಿಷಿನ 'ಡಿ' ಅಕ್ಷರದಂತೆ ಕಾಣುತ್ತದೆ. ಡಿ-ಟೆಸ್ಟ್ ಎಂದೇ ಅದಕ್ಕೆ ಹೆಸರು.

ಹೀಗೆ ಅಗತ್ಯ ಬಿದ್ದಾಗ ಮಾತ್ರ ತಯಾರಿಸುವುದೇಕೆ? ಮೀಥೈಲ್ ಹೊತ್ತ ರೈಬೋಸೋಮ್ ಕೆಲವು ಪ್ರೋಟೀನುಗಳನ್ನು ಸರಿಯಾಗಿ ತಯಾರಿಸಲಾರದು. ರಕ್ಷಣೆಗೆ ಬ್ಯಾಕ್ಟೀರಿಯಾ ಬೆಲೆ ತೆರಬೇಕು. ನನ್ನ ವಾದದ ತಿರುಳು ಇಲ್ಲಿದೆ. ಔಷಧಿಯಿಲ್ಲದೆಡೆಯಲ್ಲಿ ಈ ಕಿಣ್ವದಿಂದ ಬ್ಯಾಕ್ಟೀರಿಯಾಕ್ಕೆ ಲಾಭವಿಲ್ಲ. ಲಾಭ ಮಾಡಿಕೊಡುವವರು ನಾವು. ವೈರಸ್ಸಿನಿಂದ ಬಂದ ನೆಗಡಿಗೆ ಅಜಿಥ್ರೋಮೈಸಿನ್ ನುಂಗಿದರೆ ವೈರಸ್ಸಿಗೆ ಏನೂ ಆಗದು. ಗಂಟಲು ಮತ್ತು ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಎರ್ಮ್ ಜೀನು ಹೊತ್ತವು ಉಳಿದು ಹಬ್ಬುತ್ತವೆ. ಈ ಜೀನು ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದ ಮೇಲಿದ್ದು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಮನೆಯ ಹಿರಿಯರು ನುಂಗಿದ ಮಾತ್ರೆಯ ಫಲವನ್ನು ಮೊಮ್ಮಗು ಉಣ್ಣಬೇಕಾದೀತು.

ಕೋವಿಡ್ ಕಾಲದಲ್ಲಿ ನಮ್ಮ ಜನ ಈ ಮಾತ್ರೆಯನ್ನು ಪೆಪ್ಪರ್‌ಮಿಂಟಿನಂತೆ ನುಂಗಿದರು. ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಕೊನೆಯಲ್ಲೇ ತಿಳಿಸಿತ್ತು. "ಹಳ್ಳಿಯಲ್ಲಿ ವೈದ್ಯರು ದೂರ, ಅಂಗಡಿ ಹತ್ತಿರ, ಬಡವರೇನು ಮಾಡಬೇಕು?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಾಟದ ಮಾತ್ರೆಗೆ ಹಣ ತೆರುವುದು ಬಡವನಿಗೆ ಉಪಕಾರವಲ್ಲ. ಮುಂದೆ ನಿಜವಾದ ಸೋಂಕು ಬಂದಾಗ ಅಗ್ಗದ ಔಷಧಿ ಕೈಕೊಟ್ಟರೆ ಮೊದಲು ಸೋಲುವವನೂ ಅವನೇ.

ನನ್ನ ವಿದ್ಯಾರ್ಥಿಗಳಲ್ಲಿ ಇಂದು ಶಿಕ್ಷಕರಾಗಿರುವವರಿದ್ದೀರಿ, ಔಷಧಿ ಅಂಗಡಿ ನಡೆಸುವವರಿದ್ದೀರಿ. ಶಿಕ್ಷಕರು "ರೋಗಾಣುಗಳು ಔಷಧಿಗೆ ಒಗ್ಗುತ್ತವೆ" ಎಂಬ ಒಂದೇ ಸಾಲಿನಲ್ಲಿ ಪಾಠ ಮುಗಿಸದಿರಿ. ಈ ಕಿಣ್ವದ ಕತೆ ಹೇಳಿ, ಮಕ್ಕಳು ಮರೆಯುವುದಿಲ್ಲ. ಅಂಗಡಿಯವರು ಪರಿಚಯದ ದಾಕ್ಷಿಣ್ಯಕ್ಕೆ ಚೀಟಿಯಿಲ್ಲದೆ ಮಾತ್ರೆ ಕತ್ತರಿಸಿ ಕೊಡದಿರಿ. ಬಂಧುಗಳಾದ ನೀವು ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ನೆರೆಮನೆಗೆ ಹಂಚದಿರಿ. ವೈದ್ಯರು ಎಷ್ಟು ದಿನವೆಂದರೋ ಅಷ್ಟು ದಿನ ತೆಗೆದುಕೊಳ್ಳಿ, ಬೇಡವೆಂದರೆ ಒತ್ತಾಯಿಸಬೇಡಿ. ಎರಡು ಮೀಥೈಲ್ ಗುಂಪುಗಳಷ್ಟು ಅಲ್ಪವಾದ ಬದಲಾವಣೆಗೆ ಒಂದು ಒಳ್ಳೆಯ ಔಷಧಿಯನ್ನು ಕಳೆದುಕೊಳ್ಳುವುದು ವಿವೇಕವಲ್ಲ.